ಜೇನುಹುಳದ ಹೊಟ್ಟೆಗೂ ಹೆಪ್ಪು ಬೇಕು

ಎಣ್ಣಿ ಡಬ್ಬಿ ಮಾರುವವರು, ‘ಇದರಿಂದ ಜೇನಿಗೆ ಏನೂ ಆಗೂದಿಲ್ಲ, ಪ್ರಯೋಗಾಲಯದಾಗ ಪರೀಕ್ಷೆ ಆಗೇತಿ’ ಅನ್ನುವುದುಂಟು. ಸೂರ್ಯಕಾಂತಿ ಕಾಳು ಗಟ್ಟಿ ಆಗಬೇಕಾದರೆ ನಮಗೆ ಜೇನು ಬೇಕು. ಹಿಂಗಾಗಿ ಪ್ರಯೋಗಾಲಯದ ಜೇನು ಎಂಥಾದ್ದು ಅನ್ನುವುದನ್ನು ರೈತರೂ ತಿಳಕೊಳ್ಳಬೇಕು.

ಆಗಷ್ಟೇ ಹೊರಬಿದ್ದ ಹುಳದ ಕರುಳಿನಲ್ಲಿ ಬ್ಯಾಕ್ಟೀರಿಯಾ ಇಲ್ಲವೆನ್ನುವಷ್ಟು ಕಡಿಮೆ. ಅದು ಕಾಸಿದ ಹಾಲಿದ್ದಂತೆ. ಗೂಡಿನ ಹಿರಿಯ ಹುಳಗಳ ಜೋಡಿ ಇದ್ದು ನಾಲ್ಕಾರು ದಿನದಾಗ ಅದಕ್ಕೆ ಹೆಪ್ಪು ಬೀಳುತ್ತದೆ. ಇದರಲ್ಲಿ ಎಂಟೊಂಬತ್ತು ಬಗೆಯ ಬ್ಯಾಕ್ಟೀರಿಯಾ ಮುಖ್ಯ. ಗಿಲ್ಲಿಯಾಮೆಲ್ಲಾ ಎಂಬುದು ಪರಾಗ ಕರಗಿಸಲು ನೆರವಾಗುತ್ತದೆ. ಸ್ನಾಡ್‌ಗ್ರಾಸೆಲ್ಲಾ ಎಂಬುದು ಕರುಳಿನ ಗೋಡೆಗೆ ಅಂಟಿ ಕೂಡುತ್ತದೆ. ಈ ಹೆಪ್ಪು ಇದ್ದರೆ ಹುಳದ ಮೈ ರೋಗಾಣು ಕೊಲ್ಲುವ ರಸವನ್ನು ಮೊದಲೇ ತಯಾರು ಇಟ್ಟಿರುತ್ತದೆ.

ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಮರಿ ಹೊರಬೀಳುವ ಹುಟ್ಟನ್ನು ತೆಗೆದು 34-35 ಡಿಗ್ರಿ ಶಾಖದ ಕಪಾಟಿನಲ್ಲಿ ಇಡುತ್ತಾರೆ. ಹೊರಬಂದ ಹುಳಗಳನ್ನು ಡಬ್ಬಿಗೆ ಹಾಕಿ ಸಕ್ಕರಿ ನೀರು ಕೊಡುತ್ತಾರೆ. ಅಲ್ಲಿ ರಾಣಿ ಇಲ್ಲ, ಹಿರಿಯರಿಲ್ಲ, ಹಾರಾಟವಿಲ್ಲ. ಜೇನು ಹೊರಗೆ ಹಾರಿ ಹೊಲಸು ಹಾಕುವ ಪ್ರಾಣಿ. ಡಬ್ಬಿಯಾಗ ಅದಕ್ಕೂ ಜಾಗವಿಲ್ಲ. ಗೂಡಿನ ಹುಳಗಳ ಸಂಗ ಕೊಡದಿದ್ದರೆ ಹೆಪ್ಪು ಸರಿಯಾಗಿ ಬೀಳುವುದಿಲ್ಲ. ಹಂಗಂತ ಆ ಕೆಲಸ ಸುಳ್ಳಲ್ಲ. ಹೆಪ್ಪು ಇದ್ದ ಹುಳ, ಇಲ್ಲದ ಹುಳ ಎರಡನ್ನೂ ಸಾಕಿ ನೋಡಿದ್ದರಿಂದಲೇ ಇಷ್ಟು ತಿಳಿಯಿತು.

ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದವರು ಮೆಲ್ಲಿಫೆರಾ ಜೇನಿಗೆ ಐದು ದಿನ ಟೆಟ್ರಾಸೈಕ್ಲಿನ್ ತಿನ್ನಿಸಿ ಗೂಡಿಗೆ ಬಿಟ್ಟರು. ತಿನ್ನದ ಹುಳಗಳಿಗಿಂತ ಅವು ಕಡಿಮೆ ಉಳಿದವು. ಅದು 2017ರ ವರದಿ. ಕಸದ ಎಣ್ಣಿ ಗ್ಲೈಫೋಸೇಟ್ ಬಗ್ಗೆ 2018ರಲ್ಲಿ ವರದಿ ಬಂತು. ಎಣ್ಣಿಯಿಂದಲೇ ಹುಳ ಕೂಡಲೇ ಸಾಯಲಿಲ್ಲ. ಕರುಳಿನ ಸ್ನಾಡ್‌ಗ್ರಾಸೆಲ್ಲಾ ಕಡಿಮೆ ಆಯಿತು, ಮುಂದೆ ರೋಗಾಣು ತಗುಲಿದಾಗ ಹೆಚ್ಚು ಸತ್ತವು. ಬರೀ ಎರಡು ದಿನ ಸತ್ತ ಹುಳ ಎಣಿಸಿದರೆ ಇದು ಕಾಣುವುದೇ ಇಲ್ಲ.

1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಕರ್ನಾಟಕದ ತುಡುವೆ ಜೇನು ಬಹುಪಾಲು ಹಾಳಾಯಿತು. ಅದು ವೈರಸ್ ರೋಗ. ಅದಕ್ಕೆ ಹೆದರಿ ಆಂಟಿಬಯೋಟಿಕ್ ಕುಡಿಸಿದರೆ ರೋಗ ಹೋಗುವುದಿಲ್ಲ, ಹೆಪ್ಪು ಮಾತ್ರ ಕೆಡುತ್ತದೆ.

ಪೆಟ್ಟಿಗಿ ಇಟ್ಟವರು ಮರಿ ಹುಟ್ಟನ್ನು ಬ್ಯಾರೆ ಮಾಡುವಾಗ ಸಾಕುವ ಹುಳಗಳನ್ನೂ ಜೋಡಿ ಕೊಡಿ. ಹೂ ಬಿಟ್ಟ ಕಸಕ್ಕೆ ಎಣ್ಣಿ ಹೊಡೆಯುವ ಬದಲು ಎಡಿ ಹೊಡೆಯಿರಿ. ‘ಜೇನಿಗೆ ಏನೂ ಆಗೂದಿಲ್ಲ’ ಅಂದವರನ್ನು ಕೇಳಿ: ನೋಡಿದ್ದು ಡಬ್ಬಿಯ ಜೇನೋ, ಗೂಡಿನ ಜೇನೋ? ಎಷ್ಟು ದಿನ ನೋಡಿದರು?