ಓಕ್ ಮರದ ಋಣ, ದ್ರಾಕ್ಷಿಯ ಬೇರು

ಕ್ಯಾಲಿಫೋರ್ನಿಯದ ನಾಪಾ, ಸೊನೋಮಾ ಪ್ರದೇಶಗಳ ದ್ರಾಕ್ಷಾತೋಟಗಳನ್ನು ದಿಣ್ಣೆಯ ಮೇಲೆ ನಿಂತು ನೋಡಿದರೆ, ಒಂದೇ ಸಮನೆ ಹಸುರಾಗಿ ಹಬ್ಬಿದ ಸಾಲುಗಳ ನಡುವೆ, ಕಂಬಳಿಗೆ ನುಸಿ ಹತ್ತಿ ಬಿದ್ದ ತೂತಿನಂತೆ, ದುಂಡನೆಯ ಬೋಳೊಂದು ಒಮ್ಮೊಮ್ಮೆ ಕಾಣಿಸುವುದುಂಟು: ನಟ್ಟನಡುವೆ ಸತ್ತ ಬಳ್ಳಿಗಳು, ಅವುಗಳ ಸುತ್ತ ಎಲೆ ಸಣ್ಣದಾಗಿ ಕುಡಿ ಗಿಡ್ಡಾಗಿ ಸೊರಗಿದವು, ಅವುಗಳಿಂದಾಚೆಗೆ ಮಾತ್ರ ನಿರೋಗಿಗಳಾದ ಬಳ್ಳಿಗಳು. ಬೂದಿರೋಗವೋ ಬೂಜುತುಪ್ಪಟವೋ ಆಗಿದ್ದರೆ ಗಾಳಿ ಬೀಸಿದತ್ತ ಚೆದರಿಹೋಗಬೇಕಿತ್ತು. ವರ್ಷವರ್ಷಕ್ಕೂ ಅಂಚಿನಲ್ಲಿ ಹಿಗ್ಗುತ್ತ ಹೋಗುವ ಈ ವೃತ್ತವಾದರೋ ನೆಲದೊಳಗೆ ತೆವಳುವ ಶತ್ರುವಿನ ಹೆಜ್ಜೆಯ ಗುರುತು.

ಅಂಥ ಬಳ್ಳಿಯ ಬುಡದ ಮಣ್ಣನ್ನು ಕೆದಕಿ, ಚೂರಿಯ ತುದಿಯಿಂದ ತೊಗಟೆಯನ್ನು ಮೆಲ್ಲನೆ ಎಬ್ಬಿಸಿದರೆ, ತೊಗಟೆಗೂ ಕಟ್ಟಿಗೆಗೂ ನಡುವೆ ಬೀಸಣಿಗೆಯಂತೆ ಹರಡಿದ ಬಿಳಿಯ ಪದರವೊಂದು ಕಾಣುವುದು. ಅದು ಒದ್ದೆಯಾಗಿರುತ್ತದೆ, ಮೂಗಿನ ಬಳಿ ಹಿಡಿದರೆ ಅಪ್ಪಟ ಅಣಬೆಯ ವಾಸನೆ. ಇದೇ ಆರ್ಮಿಲೇರಿಯ ಮೆಲ್ಲಿಯ ಎಂಬ ಶಿಲೀಂಧ್ರದ ಶರೀರ. ಮೆಲ್ಲಿಯ ಎಂದರೆ ಜೇನಿನ ಬಣ್ಣದ್ದು. ಶರತ್ಕಾಲದ ಮಳೆ ಬಿದ್ದೊಡನೆ ಬುಡದಲ್ಲಿ ಗುಂಪುಗುಂಪಾಗಿ ಏಳುವ ಅಣಬೆಗಳಿಂದ ಬಂದ ಹೆಸರದು. ಈ ಕುಲದ ಶಿಲೀಂಧ್ರಗಳು ಮಣ್ಣಿನಲ್ಲಿ ಹೊಸೆದು ಹಬ್ಬಿಸುವ ಕಪ್ಪು ಹುರಿಗಳನ್ನು ಬಹುಕಾಲ ಬೇರೆಯೇ ಜೀವಿಯೆಂದು ಭಾವಿಸಿ ಬೇರೆ ಹೆಸರಿಟ್ಟಿದ್ದರು. ಹುರಿಯೂ ಅಣಬೆಯೂ ಒಂದೇ ಎಂದು 1870ರ ದಶಕದಲ್ಲಿ ಸಾಧಿಸಿ ತೋರಿಸಿದವನು ಜರ್ಮನಿಯ ರಾಬರ್ಟ್ ಹಾರ್ಟಿಗ್. ಇದರ ದಾಯಾದಿಯೊಂದು ಅಮೆರಿಕದ ಮಿಷಿಗನ್ ಕಾಡಿನಲ್ಲಿ 15 ಹೆಕ್ಟೇರಿನಷ್ಟು ನೆಲದಡಿಯಲ್ಲಿ ಒಂದೇ ಜೀವವಾಗಿ ವ್ಯಾಪಿಸಿದೆಯೆಂದೂ, ಅದರ ವಯಸ್ಸು 1500 ವರ್ಷಗಳಿಗೆ ಕಡಿಮೆಯಿಲ್ಲವೆಂದೂ 1992ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಆರ್ಮಿಲೇರಿಯ ಹಬ್ಬಿದ ಕಟ್ಟಿಗೆ ಕತ್ತಲೆಯಲ್ಲಿ ಮಂದವಾಗಿ ಬೆಳಗುವುದೂ ಉಂಟು. ಶಿಲೀಂಧ್ರದ ಜಾತಿ ಬೇರೆಯಾದರೂ, ಪಶ್ಚಿಮ ಘಟ್ಟದ ಮಳೆಗಾಲದ ಇರುಳಿನಲ್ಲಿ ಕೊಳೆತ ಕೊರಡು ಮಿನುಗುವುದನ್ನು ಕಂಡು ಬೆಚ್ಚಿದವರಿಗೆ ಆ ಬೆಳಕಿನ ಪರಿಚಯವಿರುತ್ತದೆ.

ದ್ರಾಕ್ಷಿಗೆ ಇದು ಅಂಟಿದ ಬಗೆಯೇ ವಿಚಾರಾರ್ಹವಾದುದು. ತೋಟಗಳೆದ್ದ ನೆಲದಲ್ಲಿ ಮೊದಲು ಓಕ್ ಮರಗಳಿದ್ದವು. ಶಿಲೀಂಧ್ರ ಅವುಗಳ ಬೇರಿನಲ್ಲಿತ್ತು. ಮಳೆ ಚಳಿಗಾಲಕ್ಕೆ ಮಾತ್ರ ಬಂದು, ಬೇಸಗೆಯಿಡೀ ನೆಲ ಒಣಗಿ ಬಿರಿಯುವ ಆ ಸೀಮೆಯಲ್ಲಿ, ಬೆಚ್ಚನೆಯ ಕಾಲಕ್ಕೆ ತೇವವಿಲ್ಲದೆ, ತೇವವಿದ್ದ ಕಾಲಕ್ಕೆ ಬಿಸುಪಿಲ್ಲದೆ, ಅದು ಮರವನ್ನು ಕೊಲ್ಲುವಷ್ಟು ಬಲಿಯುತ್ತಿರಲಿಲ್ಲ. ಮನುಷ್ಯ ಮರ ಕಡಿದು, ಬೊಡ್ಡೆ ಕಿತ್ತು, ನೆಲ ಹಸನಾಯಿತೆಂದುಕೊಂಡ. ಹೆಬ್ಬೆರಳು ಗಾತ್ರದ ಬೇರಿನ ತುಂಡುಗಳು ಆಳದಲ್ಲಿ ಉಳಿದವು. ಅಂಥ ತುಂಡಿನೊಳಗೆ ಶಿಲೀಂಧ್ರ ದಶಕಗಟ್ಟಲೆ ಜೀವ ಹಿಡಿದಿರಬಲ್ಲದು. ಬಳ್ಳಿಯ ಎಳೆಬೇರು ಆ ತುಂಡನ್ನು ಸೋಕುವುದೇ ತಡ, ತೊಗಟೆಯೊಳಕ್ಕೆ ನುಗ್ಗುತ್ತದೆ; ಅಲ್ಲಿಂದ ಪಕ್ಕದ ಬಳ್ಳಿಗೂ ಬೇರಿಗೆ ಬೇರು ತಾಗಿಯೇ ದಾಟುತ್ತದೆ. ಬೇಸಗೆಯಲ್ಲಿ ನಾವು ಬಳ್ಳಿಗೆಂದು ಹಾಯಿಸಿದ ನೀರು, ಈ ಅತಿಥಿಗೆ ಹಿಂದೆಂದೂ ಒದಗದಿದ್ದ ಬಿಸುಪು ತೇವಗಳ ಕೂಟವನ್ನು ಒದಗಿಸಿಕೊಟ್ಟಿತು. ಓಕ್ ತೀರಿಸದೆ ಹೋದ ಸಾಲವನ್ನು ದ್ರಾಕ್ಷಿ ಬಡ್ಡಿಸಹಿತ ತೀರಿಸುತ್ತಿದೆಯೆಂದರೆ ನನಗೆ ಅತಿಶಯೋಕ್ತಿಯೆನಿಸದು.

ವಿಷಧೂಮದಿಂದ ಇದನ್ನು ಕೊಲ್ಲುವ ಯತ್ನಗಳಲ್ಲಿ ಒಂದು ಮಾತ್ರ ನೆನಪಿಡತಕ್ಕದ್ದು. ಕ್ಯಾಲಿಫೋರ್ನಿಯದ ಕಿತ್ತಳೆ ನಿಂಬೆ ತೋಟಗಳಲ್ಲಿ ಇದೇ ಪಿಡುಗಿಗೆ ಕಾರ್ಬನ್ ಡೈಸಲ್ಫೈಡನ್ನು ಮಣ್ಣಿಗೆ ಸೇರಿಸುತ್ತಿದ್ದರು. ಗೆದ್ದದ್ದು ಆ ರಾಸಾಯನಿಕವೇ ಎಂಬ ನಂಬಿಕೆಯನ್ನು 1951ರಲ್ಲಿ ಬ್ಲಿಸ್ ಎಂಬ ಸಂಶೋಧಕ ಅಲುಗಾಡಿಸಿದ: ಶತ್ರುವಿಗೆ ರಾಸಾಯನಿಕ ನಿಶ್ಶಕ್ತಿಯನ್ನಷ್ಟೇ ತಂದಿತ್ತು; ಕೊಂದದ್ದು ಮಣ್ಣಿನಲ್ಲೇ ಇದ್ದ ಟ್ರೈಕೋಡರ್ಮ ಎಂಬ ಮತ್ತೊಂದು ಶಿಲೀಂಧ್ರ. ಇಂದು ನಮ್ಮ ರೈತರು ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ ಮೆಣಸಿನ ಬಳ್ಳಿಯ ಬುಡಕ್ಕೆ ಹಾಕುವ ಟ್ರೈಕೋಡರ್ಮ ಆ ಕುಲದ್ದೇ. ಆಮೇಲೆ ಬಂದ ಮೀಥೈಲ್ ಬ್ರೋಮೈಡ್ ಓಜೋನ್ ಪದರಕ್ಕೆ ಮುಳುವೆಂದು ಮಾಂಟ್ರಿಯಲ್ ಒಪ್ಪಂದದ ಮೇರೆಗೆ ಹಿಂದೆ ಸರಿಯಿತು. ಕೆಲವು ಬೇರುಸಸಿಗಳು ರೋಗವನ್ನು ತುಸು ತಾಳಿಕೊಳ್ಳುತ್ತವೆ. ಪೂರ್ಣವಾಗಿ ಗೆಲ್ಲುವುದೊಂದೂ ಇಲ್ಲ.

ಕಡೆಗೆ ಫಲ ತೋರಿದ ಉಪಾಯ ಗುದ್ದಲಿಯದು. ರೋಗ ಹಿಡಿದೂ ಸಾಯದ ಬಳ್ಳಿಯ ಬುಡದ ಮಣ್ಣನ್ನು ಮುಕ್ಕಾಲು ಅಡಿಯಿಂದ ಒಂದು ಅಡಿ ಆಳಕ್ಕೆ, ಸುತ್ತಲೂ ಒಂದೂವರೆ ಅಡಿಯಷ್ಟು, ತೋಡಿ ತೆರೆದಿಟ್ಟರೆ, ಗಾಳಿಬೆಳಕಿಗೆ ಒಣಗಿದ ಬುಡದಿಂದ ಶಿಲೀಂಧ್ರ ಹಿಂಜರಿಯುವುದೆಂದೂ, ಬಳ್ಳಿ ಚೇತರಿಸಿಕೊಳ್ಳುವುದೆಂದೂ ಕ್ಯಾಲಿಫೋರ್ನಿಯದ ಡೇವಿಸ್‌ನ ಸಂಶೋಧಕಿ ಕೆಂಡ್ರಾ ಬಾಮ್‌ಗಾರ್ಟ್ನರ್ 2004ರಲ್ಲಿ ಪ್ರಕಟಿಸಿದರು. ಬೇರಿನ ಆಳದಲ್ಲಿ ಅವಿತದ್ದು ಅಲ್ಲಿಯೇ ಇರುತ್ತದೆ. ಗಾಳಿ ತಂದ ತರಗೆಲೆ, ಮಳೆ ಕೊಚ್ಚಿ ತಂದ ಮಣ್ಣು ಗುಂಡಿಯನ್ನು ತುಂಬಿದರೆ ಮತ್ತೆ ಬುಡಕ್ಕೇರುತ್ತದೆ. ಆದುದರಿಂದ ಆ ಗುಂಡಿಗಳನ್ನು ಒಂದೊಂದಾಗಿ, ತಪ್ಪದೆ, ತೋಡಿ ಬರಿದು ಮಾಡುತ್ತಲೇ ಇರಬೇಕಾಗುತ್ತದೆ.