ಅಮ್ಮ, ಉಚ್ಚೆ ಮತ್ತು ಬಾಹ್ಯಾಕಾಶ ನಿಲ್ದಾಣ

ಹೋದ ಸೆಮಿಸ್ಟರ್‌ನಲ್ಲಿ ಗಗನಯಾನಿಗಳ ಜೀವರಕ್ಷಕ ವ್ಯವಸ್ಥೆಗಳ ಬಗ್ಗೆ ಒಂದು ಕೋರ್ಸ್ ತಗೊಂಡಿದ್ದೆ. ಫೋನಲ್ಲಿ ಅಮ್ಮನಿಗೆ ಹೇಳಿದಾಗ ಬಂದ ಮೊದಲ ಮಾತು: "ಥೂ, ಉಚ್ಚೆ ಕುಡೀತಾರೇನೋ!"

ಒಂದರ್ಥದಲ್ಲಿ ಹೌದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಒಬ್ಬರಿಗೆ ದಿನಕ್ಕೆ ಸುಮಾರು 3.8 ಲೀಟರ್ ನೀರು ಬೇಕು. ಅಷ್ಟನ್ನೂ ರಾಕೆಟ್‌ನಲ್ಲಿ ಹೊತ್ತು ತರೋದು ವಿಪರೀತ ದುಬಾರಿ. ಹಾಗಾಗಿ ಮೂತ್ರ, ಬೆವರು, ಉಸಿರಿನ ತೇವ ಎಲ್ಲವನ್ನೂ ಹಿಡಿದು ಶುದ್ಧ ಮಾಡ್ತಾರೆ. ಮೂತ್ರವನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ ತಣಿಸಬೇಕು. ಆದರೆ ತೂಕವೇ ಇಲ್ಲದ ಕಡೆ ದ್ರವ ಕೆಳಗೆ, ಆವಿ ಮೇಲೆ ಅಂತ ತಾನಾಗಿ ಬೇರೆ ಆಗಲ್ಲ. ಅದಕ್ಕೇ ಒಂದು ಡ್ರಮ್ಮನ್ನು ಗಿರಗಿರ ತಿರುಗಿಸಿ ದ್ರವವನ್ನು ಅಂಚಿಗೆ ಒತ್ತುತ್ತಾರೆ.

ನನಗೆ ತುಂಬಾ ಹಿಡಿಸಿದ್ದು ಈ ಯಂತ್ರ ಕೈಕೊಟ್ಟ ಕಥೆ. 2008ರಲ್ಲಿ ಮೇಲೆ ಹೋದಾಗ ಇದು ಮೂತ್ರದ 85% ನೀರನ್ನು ಮರಳಿಸಬೇಕಿತ್ತು. ಆದರೆ ಒಳಗೆ ಬಿಳಿ ಗಸಿ ಕಟ್ಟಿ ಕೆಟ್ಟುಹೋಯಿತು. ಜರ್ಮನಿಯ ಗಡಸು ನೀರಿಗೆ ನಮ್ಮ ಹಾಸ್ಟೆಲ್ ಕೆಟಲ್‌ನಲ್ಲಿ ಬಿಳಿ ಪದರ ಕಟ್ಟುತ್ತಲ್ಲ, ಅದೇ ಜಾತಿಯ ತೊಂದರೆ. ಕಾರಣ ಮೂಳೆ! ತೂಕವಿಲ್ಲದ ಕಡೆ ಮೂಳೆಯ ಕ್ಯಾಲ್ಸಿಯಂ ಕರಗಿ ಮೂತ್ರ ಸೇರುತ್ತೆ. ಮೂತ್ರ ಕೆಡದಂತೆ ಬೆರೆಸುತ್ತಿದ್ದ ಸಲ್ಫ್ಯೂರಿಕ್ ಆಮ್ಲದ ಸಲ್ಫೇಟ್ ಜೊತೆ ಅದು ಕೂಡಿದರೆ ಜಿಪ್ಸಮ್. ಭೂಮಿಯಲ್ಲಿ ಪರೀಕ್ಷೆಗೆ ಬಳಸಿದ್ದು ಭೂಮಿಯವರ ಮೂತ್ರ, ಅದರಲ್ಲಿ ಅಷ್ಟು ಕ್ಯಾಲ್ಸಿಯಂ ಇರಲಿಲ್ಲ. ಕೊನೆಗೆ ಫಾಸ್ಫಾರಿಕ್ ಆಮ್ಲಕ್ಕೆ ಬದಲಾಯಿಸಿದರು, ಸರಿಹೋಯಿತು.

"ಹಂಗಾದ್ರೆ ರಾಗಿಮುದ್ದೆ ಕೊಡ್ಲಿ" ಅಂದಳು ಅಮ್ಮ. ಕ್ಯಾಲ್ಸಿಯಂ ತಿಂದರಷ್ಟೇ ಸಾಲದು, ಮೂಳೆಗೆ ಭಾರ ಬೀಳಬೇಕು. ಅದಕ್ಕೇ ಅವರು ದಿನಕ್ಕೆ ಎರಡು ಗಂಟೆಯಷ್ಟು ವ್ಯಾಯಾಮ ಮಾಡೋದು.

ಉಳಿದ ಗಟ್ಟಿ ಉಪ್ಪುನೀರಿನಿಂದಲೂ ನೀರು ಹಿಂಡುವ ಘಟಕ 2021ರಲ್ಲಿ ಸೇರಿತು. 2023ರಲ್ಲಿ ಒಟ್ಟು ನೀರಿನ 98% ಮರುಬಳಕೆ ಸಾಧ್ಯವಾಯಿತು.

ಗಾಳಿಯ ಕಥೆ ಅಷ್ಟು ಚೆನ್ನಾಗಿಲ್ಲ. ನೀರನ್ನು ವಿದ್ಯುತ್ತಿನಿಂದ ಒಡೆದು ಆಕ್ಸಿಜನ್ ತೆಗೀತಾರೆ. ಉಳಿದ ಹೈಡ್ರೋಜನ್ನನ್ನು ನಿಶ್ವಾಸದ ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿಸಿದರೆ ಮತ್ತೆ ನೀರು, ಜೊತೆಗೆ ಮೀಥೇನ್. ಆ ಮೀಥೇನನ್ನು ಹೊರಗೆ ಬಿಡ್ತಾರೆ, ಅದರೊಂದಿಗೆ ಅಷ್ಟು ಹೈಡ್ರೋಜನ್ ಕೂಡ ಹೋಯಿತು.

ಮಂಗಳನಲ್ಲಾದರೆ ಅಲ್ಲಿಯ ಗಾಳಿಯನ್ನೇ ಬಳಸಬಹುದು, ಅದರ ಸುಮಾರು 95% ಕಾರ್ಬನ್ ಡೈಆಕ್ಸೈಡ್. ಪರ್ಸಿವಿಯರೆನ್ಸ್ ರೋವರ್ ಒಳಗಿನ ಮಾಕ್ಸಿ ಎಂಬ ಪೆಟ್ಟಿಗೆ ಅದನ್ನು ಸುಮಾರು 800 ಡಿಗ್ರಿಗೆ ಕಾಯಿಸಿ, ವಿದ್ಯುತ್ತಿನಿಂದ ಒಡೆದು, 2021ರಿಂದ 2023ರವರೆಗೆ 16 ಸಲ ಆಕ್ಸಿಜನ್ ಮಾಡಿತು. ಒಟ್ಟು 122 ಗ್ರಾಂ. ನಾನೇ ಲೆಕ್ಕ ಹಾಕಿದೆ: ಒಬ್ಬರಿಗೆ ದಿನಕ್ಕೆ ಸುಮಾರು 840 ಗ್ರಾಂ ಬೇಕು ಅಂದರೆ, ಇದು ಮೂರೂವರೆ ಗಂಟೆಯ ಉಸಿರು. ನಾಲ್ವರನ್ನು ಮಂಗಳದ ನೆಲದಿಂದ ಮೇಲೆತ್ತುವ ರಾಕೆಟ್ಟಿಗೆ ಬೇಕಾದ ಆಕ್ಸಿಜನ್ ಸುಮಾರು 25 ಟನ್.

ಅಮ್ಮನಿಗೆ ಈ ಕೊನೆಯ ಲೆಕ್ಕ ಇನ್ನೂ ಹೇಳಿಲ್ಲ.