ಚಿಕ್ಕಪ್ಪನಂತೆಯೇ ಇರುವ ಇನ್ನೊಬ್ಬ

ಕ್ಯಾಲಿಫೋರ್ನಿಯಾದ ಸಾಂಟಾ ಮೀರಾ ಎಂಬ ಸಣ್ಣ ಊರು. ಅಲ್ಲಿನ ಡಾಕ್ಟರ್ ಮೈಲ್ಸ್ ಬೆನೆಲ್‌ ಬಳಿಗೆ ವಿಚಿತ್ರ ದೂರುಗಳು ಬರತೊಡಗುತ್ತವೆ. ತನ್ನನ್ನು ಸಾಕಿದ ಐರಾ ಚಿಕ್ಕಪ್ಪ ಚಿಕ್ಕಪ್ಪನೇ ಅಲ್ಲ ಎನ್ನುತ್ತಾಳೆ ವಿಲ್ಮಾ. ಮುಖ ಅದೇ, ದನಿ ಅದೇ, ಹಳೆಯ ಸಂಗತಿ ಕೇಳಿದರೆ ಒಂದೂ ತಪ್ಪಿಲ್ಲದೆ ಹೇಳುತ್ತಾನೆ. ಆದರೆ ಅವಳೊಡನೆ ಮಾತಾಡುವಾಗ ಅವನ ಕಣ್ಣಲ್ಲಿ ಇರುತ್ತಿದ್ದ ಅಕ್ಕರೆ ಈಗ ಇಲ್ಲ. ಒಬ್ಬ ಹುಡುಗ ಅಮ್ಮ ಅಮ್ಮನಲ್ಲ ಎಂದು ಕಿರುಚಿ ಮನೆಬಿಟ್ಟು ಓಡುತ್ತಾನೆ. ಊರಿನ ಮನೋವೈದ್ಯ ಇದಕ್ಕೆ ಸಮೂಹ ಸನ್ನಿ ಎಂಬ ಹೆಸರು ಕೊಟ್ಟು ಸುಮ್ಮನಾಗುತ್ತಾನೆ. ಅಷ್ಟರಲ್ಲಿ ಊರಿನ ಗಾಜಿನಮನೆಗಳಲ್ಲಿ, ನೆಲಮಾಳಿಗೆಗಳಲ್ಲಿ ಆಳೆತ್ತರದ ಕಾಯಿಗಳು ಬಲಿಯುತ್ತಿವೆ. ಒಂದೊಂದು ಕಾಯಿಯೊಳಗೂ ಊರಿನ ಒಬ್ಬೊಬ್ಬರ ಪ್ರತಿರೂಪ. ಆ ಮನುಷ್ಯ ನಿದ್ದೆ ಹೋದ ಹೊತ್ತಿಗೆ ಕಾಯಿಯೊಳಗಿನದು ಎದ್ದು ಅವನ ಜಾಗದಲ್ಲಿ ನಿಲ್ಲುತ್ತದೆ.

ಡಾನ್ ಸೀಗಲ್ ನಿರ್ದೇಶಿಸಿದ ‘ಇನ್ವೇಷನ್ ಆಫ್ ದಿ ಬಾಡಿ ಸ್ನ್ಯಾಚರ್ಸ್’ ತೆರೆಕಂಡದ್ದು 1956ರಲ್ಲಿ. ಇದೇ ಕತೆಯನ್ನು ಹಾಲಿವುಡ್ ಆಮೇಲೆ 1978, 1993 ಮತ್ತು 2007ರಲ್ಲಿ ಮತ್ತೆ ಮತ್ತೆ ತೆಗೆಯಿತು. ನಾಲ್ಕನ್ನೂ ಸಾಲಾಗಿ ನೋಡಿದರೆ, ಕೊನೆಯದನ್ನು ಬಿಟ್ಟರೆ ಅನ್ಯಗ್ರಹದ ಆ ಕಾಯಿಯಲ್ಲಿ ಅಂಥ ಬದಲಾವಣೆ ಕಾಣುವುದಿಲ್ಲ. ಅಮೆರಿಕನ್ನರು ಯಾರನ್ನು ನೋಡಿ ಬೆಚ್ಚುತ್ತಿದ್ದರು ಎಂಬುದು ಮಾತ್ರ ಪ್ರತಿ ಸಲವೂ ಬದಲಾಗಿದೆ.

ಸೀಗಲ್ ಚಿತ್ರಕ್ಕೂ ಮೊದಲಿನ ಆಕ್ರಮಣದ ಕತೆಗಳಲ್ಲಿ ಗದ್ದಲವೇ ಹೆಚ್ಚು. ಎಚ್.ಜಿ. ವೆಲ್ಸ್ 1898ರಲ್ಲಿ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಪುಸ್ತಕ ಹೊರತಂದಾಗ ಇಂಗ್ಲೆಂಡ್ ಸುಮಾರು ಕಾಲು ಜಗತ್ತಿನ ಯಜಮಾನಿ. ಟಾಸ್ಮೇನಿಯಾದ ಮೂಲನಿವಾಸಿಗಳನ್ನು ಬಿಳಿಯರು ಹೇಗೆ ನಾಶಮಾಡಿದರು ಎಂಬುದನ್ನು ಮೊದಲ ಅಧ್ಯಾಯದಲ್ಲೇ ನೆನಪಿಸಿ, ಮಂಗಳ ಗ್ರಹದವರು ಈಗ ನಮಗೆ ಅದನ್ನೇ ಮಾಡಿದರೆ ದೂರುವುದು ಹೇಗೆ ಎಂದು ವೆಲ್ಸ್ ತನ್ನ ಓದುಗರನ್ನೇ ಕೇಳಿದ. 1953ರಲ್ಲಿ ಅದು ಹಾಲಿವುಡ್ ಚಿತ್ರವಾದಾಗ ಈ ಚುಚ್ಚುಮಾತು ಕಾಣೆಯಾಗಿತ್ತು. ಆ ಜಾಗಕ್ಕೆ ಬಂದದ್ದು ಅಣುಬಾಂಬ್. ಮಂಗಳದವರ ಮೇಲೆ ಅದನ್ನು ಹಾಕಿದರೂ ಅವರಿಗೆ ಏನೂ ಆಗುವುದಿಲ್ಲ. ಸೋವಿಯತ್ ಒಕ್ಕೂಟ ತನ್ನ ಮೊದಲ ಅಣುಬಾಂಬ್ ಸಿಡಿಸಿ ಆಗಿನ್ನೂ ನಾಲ್ಕು ವರ್ಷ. ಅಲ್ಲಿಗೆ ಆಕಾಶದಿಂದ ಬೀಳುವ ಭಯ ತನ್ನ ಚಿತ್ರವನ್ನು ಪಡೆದುಕೊಂಡಿತ್ತು. ಬೀದಿಯ ಆಚೆ ಮನೆಯವನ ಭಯ ಇನ್ನೂ ಅಷ್ಟಾಗಿ ತೆರೆಗೆ ಬಂದಿರಲಿಲ್ಲ.

ಆ ಭಯಕ್ಕೆ ಕತೆ ಕೊಟ್ಟವನು, ಸೀಗಲ್ ಚಿತ್ರದ ಮೂಲ ಕಾದಂಬರಿ ಬರೆದ ಜ್ಯಾಕ್ ಫಿನ್ನಿ. ಅವನ ‘ದಿ ಬಾಡಿ ಸ್ನ್ಯಾಚರ್ಸ್’ 1954ರ ಕೊನೆಯಲ್ಲಿ ‘ಕಾಲಿಯರ್ಸ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಆ ವರ್ಷ ಅಮೆರಿಕದಲ್ಲಿ ನಡೆದದ್ದನ್ನು ನೋಡಬೇಕು. ಕೊರಿಯಾ ಯುದ್ಧದಲ್ಲಿ ಸೆರೆಸಿಕ್ಕಿದ್ದ 21 ಅಮೆರಿಕನ್ ಸೈನಿಕರು ನಾವು ಮನೆಗೆ ಬರುವುದಿಲ್ಲ, ಚೀನಾಕ್ಕೆ ಹೋಗುತ್ತೇವೆ ಎಂದುಬಿಟ್ಟರು. ದೇಶಕ್ಕೆ ಸಿಡಿಲು ಬಡಿದಂತಾಯಿತು. ನಮ್ಮೂರಲ್ಲೇ ಬೆಳೆದ ಹುಡುಗ, ಅವನ ತಾಯಿ ಕರೆದರೂ ಬರಲೊಲ್ಲ! ಸೆರೆಶಿಬಿರಗಳಲ್ಲಿ ಚೀನೀಯರು ಅವರ ತಲೆಯನ್ನೇ ತೊಳೆದು ಬದಲಿಸಿದ್ದಾರೆ ಎಂದು ಪತ್ರಿಕೆಗಳು ಬರೆದವು. ಇತ್ತ ಸೆನೆಟರ್ ಜೋಸೆಫ್ ಮೆಕಾರ್ಥಿ ಸರ್ಕಾರದಲ್ಲಿ, ಸೈನ್ಯದಲ್ಲಿ ಎಲ್ಲೆಲ್ಲೂ ಕಮ್ಯುನಿಸ್ಟರನ್ನು ಕಾಣುತ್ತಿದ್ದ. 1954ರ ಡಿಸೆಂಬರ್‌ನಲ್ಲಿ ಸೆನೆಟ್ ಅವನಿಗೆ ಛೀಮಾರಿ ಹಾಕಿತಾದರೂ, ಅಷ್ಟು ಹೊತ್ತಿಗೆ ಕೆಲಸ ಕಳೆದುಕೊಂಡವರು, ಗೆಳೆಯರ ಹೆಸರು ಹೇಳಿ ಬದುಕಿಕೊಂಡವರು, ಹೇಳದೆ ಜೈಲಿಗೆ ಹೋದವರು ಎಲ್ಲರೂ ಆಗಿಹೋಗಿದ್ದರು. ಹಾಲಿವುಡ್‌ನ ಹತ್ತು ಮಂದಿ 1947ರಲ್ಲೇ ಸಂಸತ್ತಿನ ಸಮಿತಿಯೆದುರು ಬಾಯಿಬಿಡದೆ, ಆಮೇಲೆ ಅದಕ್ಕಾಗಿ ಸೆರೆಮನೆ ಕಂಡಿದ್ದರು.

ಹಾಗಾದರೆ ಆ ಕಾಯಿಗಳು ಯಾರು? ಭಾವವಿಲ್ಲದ, ಎಲ್ಲರೂ ಒಂದೇ ಎನ್ನುವ ಕಮ್ಯುನಿಸ್ಟರು ಎಂದು ಒಂದು ಪಂಗಡ ಓದಿತು. ಅಲ್ಲ, ಒಂದೇ ದನಿಯಲ್ಲಿ ಮಾತಾಡದವನನ್ನು ಬೆನ್ನಟ್ಟಿ ಹಿಡಿಯುವ ಮೆಕಾರ್ಥಿಯ ಹಿಂಬಾಲಕರು ಎಂದು ಇನ್ನೊಂದು. ಅದರಲ್ಲಿ ಅಂಥ ರಾಜಕೀಯವೇನೂ ಇಲ್ಲ ಎಂದು ಫಿನ್ನಿ ಕೊನೆಯವರೆಗೂ ಹೇಳುತ್ತಿದ್ದ. ಸೀಗಲ್ ಮಾತ್ರ ಅಂಥವರನ್ನು ತನ್ನ ಸಿನಿಮಾ ಉದ್ಯಮದಲ್ಲೇ ದಿನವೂ ನೋಡುತ್ತೇನೆ ಎನ್ನುತ್ತಿದ್ದ. (ಮೈಲ್ಸ್ ಪಾತ್ರ ಮಾಡಿದ ನಟನ ಹೆಸರು ಕೆವಿನ್ ಮೆಕಾರ್ಥಿ. ಕಾಕತಾಳೀಯ, ಆದರೆ ಇಂಥದ್ದನ್ನು ಕತೆಗಾರ ಬರೆದರೆ ನಾವು ನಂಬುವುದಿಲ್ಲ.) ನನಗನ್ನಿಸುವಂತೆ ಎರಡು ಓದೂ ಸರಿ, ಚಿತ್ರದ ಬಲವೂ ಅದೇ. ಕಮ್ಯುನಿಸ್ಟನಿಗೆ ಹೆದರುವವನಿಗೂ ಆ ಹೆದರಿಕೆಗೆ ಹೆದರುವವನಿಗೂ ನಿದ್ದೆ ಬರದ ರಾತ್ರಿ ಒಂದೇ ತರಹ.

ಚಿತ್ರದ ಕೊನೆಗೆ ಮೈಲ್ಸ್ ಹೆದ್ದಾರಿಯ ನಡುವೆ ನಿಂತು ಓಡುವ ಕಾರುಗಳಿಗೆ ಎಚ್ಚರಿಕೆ ಕೂಗುತ್ತಾನೆ. ಯಾರೂ ನಿಲ್ಲಿಸುವುದಿಲ್ಲ. ಒಂದು ಲಾರಿ ಹತ್ತಿ ನೋಡಿದರೆ ಅದರ ತುಂಬ ಕಾಯಿಗಳು, ದೊಡ್ಡ ನಗರಗಳಿಗೆ ಹೊರಟಿವೆ. ಸೀಗಲ್ ಅಲ್ಲಿಗೇ ಚಿತ್ರ ಮುಗಿಸಿದ್ದ. ಪ್ರೇಕ್ಷಕರು ಇಷ್ಟು ಕತ್ತಲನ್ನು ಸಹಿಸಲಾರರು ಎಂದು ಅಲೈಡ್ ಆರ್ಟಿಸ್ಟ್ಸ್ ಸ್ಟುಡಿಯೋ ಹಿಂದೊಂದು ಮುಂದೊಂದು ದೃಶ್ಯ ಸೇರಿಸಿತು. ಅದರಂತೆ ಮೈಲ್ಸ್ ಆಸ್ಪತ್ರೆಯೊಂದರಲ್ಲಿ ಕುಳಿತು ಇದನ್ನೆಲ್ಲ ಹೇಳುತ್ತಾನೆ, ಕಡೆಗೆ ಡಾಕ್ಟರುಗಳು ನಂಬಿ ಎಫ್‌ಬಿಐಗೆ ಫೋನು ಮಾಡುತ್ತಾರೆ. ಸರ್ಕಾರಕ್ಕೆ ತಿಳಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ 1956ರಲ್ಲಿ ಇನ್ನೂ ಮಾರಾಟಕ್ಕಿತ್ತು.

1978ರ ಹೊತ್ತಿಗೆ ಆ ಸರಕು ಖಾಲಿಯಾಗಿತ್ತು. ನಡುವೆ ವಿಯೆಟ್ನಾಂ ಆಗಿಹೋಗಿತ್ತು, ವಾಟರ್‌ಗೇಟ್ ಆಗಿ 1974ರಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟಿದ್ದ. ಫಿಲಿಪ್ ಕಾಫ್‌ಮನ್ ನಿರ್ದೇಶನದ ಎರಡನೇ ಚಿತ್ರದಲ್ಲಿ ಡೊನಾಲ್ಡ್ ಸದರ್‌ಲೆಂಡ್ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್. ಅಪಾಯ ತಿಳಿಸಲು ಅವನು ಫೋನು ಎತ್ತಿದರೆ, ಹೆಸರು ಹೇಳುವ ಮೊದಲೇ ಆ ಕಡೆಯ ಆಪರೇಟರ್ ಅವನ ಹೆಸರು ಹಿಡಿದು ಕರೆಯುತ್ತಾಳೆ! ಇಡೀ ಚಿತ್ರದಲ್ಲಿ ನನ್ನನ್ನು ಹೆಚ್ಚು ನಡುಗಿಸಿದ್ದು ಈ ಚಿಕ್ಕ ದೃಶ್ಯ. ಕತೆ ಸಣ್ಣ ಊರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದಿದೆ; ಅಲ್ಲಿ ಪಕ್ಕದ ಮನೆಯವನು ಮೊದಲು ಹೇಗಿದ್ದ ಎಂಬುದೇ ಯಾರಿಗೂ ಗೊತ್ತಿಲ್ಲ. ಬದುಕು ಸುಧಾರಿಸುವ ಪುಸ್ತಕ ಬರೆದು ಹೆಸರು ಮಾಡಿದ ಮನೋವೈದ್ಯನೊಬ್ಬ ಎಲ್ಲರನ್ನೂ ಸಮಾಧಾನ ಮಾಡುತ್ತ ತಿರುಗುತ್ತಾನೆ, ಅವನೂ ಆ ಕಡೆಯವನೇ. ಹಳೆಯ ಕೆವಿನ್ ಮೆಕಾರ್ಥಿ ಒಂದು ನಿಮಿಷ ಬಂದು, 22 ವರ್ಷಗಳಿಂದ ಓಡುತ್ತಲೇ ಇದ್ದವನಂತೆ ಕಾರಿನ ಗಾಜು ಬಡಿದು ಕೂಗಿಹೋಗುತ್ತಾನೆ. ಕೊನೆಯಲ್ಲಿ ಸಿಟಿ ಹಾಲ್ ಎದುರಿನ ಬಯಲಿನಲ್ಲಿ, ಉಳಿದ ಒಬ್ಬಳೇ ಗೆಳತಿ ನಂಬಿ ಹತ್ತಿರ ಬಂದಾಗ, ಸದರ್‌ಲೆಂಡ್ ಬೆರಳು ತೋರಿಸಿ ಬಾಯ್ದೆರೆದು ಅರಚುತ್ತಾನೆ.

ಇಲ್ಲೊಂದು ಮಾತು. ಚಿತ್ರ ತೆರೆಕಂಡದ್ದು ಆ ವರ್ಷದ ಡಿಸೆಂಬರ್‌ನಲ್ಲಿ. ಅದಕ್ಕೆ ತಿಂಗಳ ಮುಂಚೆ, ನವೆಂಬರ್ 18ರಂದು, ಸ್ಯಾನ್ ಫ್ರಾನ್ಸಿಸ್ಕೊದಿಂದ ಗಯಾನಾದ ಕಾಡಿಗೆ ಹೋಗಿ ನೆಲೆಸಿದ್ದ ಜಿಮ್ ಜೋನ್ಸ್ ಪಂಥದ 900ಕ್ಕೂ ಹೆಚ್ಚು ಮಂದಿ ಸತ್ತರು. ಹೆಚ್ಚಿನವರ ಸಾವು ವಿಷದಿಂದ. ನವೆಂಬರ್ 27ರಂದು ಮೇಯರ್ ಜಾರ್ಜ್ ಮಾಸ್ಕೋನಿ ಮತ್ತು ನಗರಸಭೆಯ ಸದಸ್ಯ ಹಾರ್ವಿ ಮಿಲ್ಕ್ ಅದೇ ಸಿಟಿ ಹಾಲ್‌ನೊಳಗೆ ಮಾಜಿ ಸಹೋದ್ಯೋಗಿಯ ಗುಂಡಿಗೆ ಬಲಿಯಾದರು. ಚಿತ್ರೀಕರಣ ಅಷ್ಟರಲ್ಲಿ ಮುಗಿದಿತ್ತು, ಕಾಫ್‌ಮನ್‌ಗೆ ಇದ್ಯಾವುದೂ ಗೊತ್ತಿರಲು ಸಾಧ್ಯವಿಲ್ಲ. ಆದರೆ ಆ ಕ್ರಿಸ್‌ಮಸ್ ವಾರ ಚಿತ್ರಮಂದಿರದಲ್ಲಿ ಕುಳಿತ ಆ ಊರಿನವರಿಗೆ ಅದು ಕಟ್ಟುಕತೆಯಾಗಿ ಕಂಡಿರಲಾರದು. ಸಿನಿಮಾ ಕಾಲದ ಕನ್ನಡಿ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಎಷ್ಟೋ ಸಲ ಆ ಬಿಂಬವನ್ನು ಪ್ರೇಕ್ಷಕರೇ ಹೊತ್ತುತಂದಿರುತ್ತಾರೆ.

ಏಬಲ್ ಫೆರಾರಾನ 1993ರ ಚಿತ್ರ ನಡೆಯುವುದು ಸೇನಾನೆಲೆಯಲ್ಲಿ. ಸಮವಸ್ತ್ರ ತೊಟ್ಟು ಒಂದೇ ಹೆಜ್ಜೆಯಲ್ಲಿ ನಡೆಯುವವರ ನಡುವೆ ಯಾರು ಬದಲಾಗಿದ್ದಾರೆಂದು ಹುಡುಕುವುದೆಲ್ಲಿ? ಅಲ್ಲಿನ ಶಿಶುವಿಹಾರದಲ್ಲಿ ಮಕ್ಕಳೆಲ್ಲ ತಾವು ಬರೆದ ಚಿತ್ರ ಎತ್ತಿ ಹಿಡಿದರೆ, ಹೊಸದಾಗಿ ಬಂದ ಒಬ್ಬ ಹುಡುಗನದು ಬಿಟ್ಟು ಉಳಿದೆಲ್ಲ ಒಂದೇ ಚಿತ್ರ. 2007ರ ‘ದಿ ಇನ್ವೇಷನ್’ನಲ್ಲಿ ಕಾಯಿಯೇ ಇಲ್ಲ, ಸೋಂಕು ಇದೆ. ಬಾಹ್ಯಾಕಾಶ ನೌಕೆಯೊಂದು ಮರಳುವಾಗ ಒಡೆದು, ಚೂರುಗಳ ಜೊತೆ ಆ ಸೋಂಕು ಭೂಮಿಗಿಳಿಯುತ್ತದೆ. ಕಲ್ಪನಾ ಚಾವ್ಲಾ ಸೇರಿ ಏಳು ಮಂದಿಯನ್ನು ಬಲಿತೆಗೆದುಕೊಂಡ 2003ರ ಕೊಲಂಬಿಯಾ ದುರಂತ, ಅದೇ ವರ್ಷದ ಸಾರ್ಸ್, ಫ್ಲೂ ಲಸಿಕೆಯ ಬಗೆಗಿನ ಅನುಮಾನ ಎಲ್ಲವೂ ಅಲ್ಲಿವೆ. ಸೋಂಕು ಹಬ್ಬಿದಂತೆ ಜಗತ್ತಿನ ಯುದ್ಧಗಳು ಒಂದೊಂದಾಗಿ ನಿಲ್ಲುವ ಸುದ್ದಿ ಟಿ.ವಿ.ಯಲ್ಲಿ ಬರುತ್ತದೆ. ಭಾವ ಬಿಟ್ಟುಕೊಟ್ಟರೆ ಶಾಂತಿ ಸಿಗುವುದಾದರೆ ಬೇಡವೇ ಎಂಬುದು ಇರಾಕ್ ಯುದ್ಧದ ಕಾಲಕ್ಕೆ ಒಳ್ಳೆಯ ಪ್ರಶ್ನೆ. ಆದರೆ ಸ್ಟುಡಿಯೋ ಬೇರೆಯವರಿಂದ ಮತ್ತೆ ಚಿತ್ರೀಕರಣ ಮಾಡಿಸಿ, ಕಾರು ಓಡಿಸಿ, ಕಡೆಗೆ ಮದ್ದು ಹುಡುಕಿಸಿ ಕೈಗೆತ್ತಿಕೊಂಡ ಪ್ರಶ್ನೆಯನ್ನು ಕೆಡಿಸಿತು. ನಾಲ್ಕರಲ್ಲಿ ಸೋತದ್ದು ಇದೊಂದೇ.

ರೂಪ ಕದ್ದು ಮನೆಹೊಕ್ಕವನ ಕತೆ ಕನ್ನಡಿಗರಿಗೆ ಹೊಸದಲ್ಲ. ಎ.ಕೆ. ರಾಮಾನುಜನ್‌ರಿಂದ ಕೇಳಿದ ಜನಪದ ಕತೆಗಳಿಂದ ಗಿರೀಶ ಕಾರ್ನಾಡರು ಕಟ್ಟಿದ ‘ನಾಗಮಂಡಲ’ ನಾಟಕದಲ್ಲಿ ಸರ್ಪವಾದ ನಾಗಪ್ಪ ಗಂಡನ ರೂಪ ತಾಳಿ ರಾತ್ರಿ ರಾಣಿಯ ಬಳಿ ಬರುತ್ತಾನೆ. ಸಾಂಟಾ ಮೀರಾದಲ್ಲಿ ನಕಲಿಗೆ ಪ್ರೀತಿ ಗೊತ್ತಿಲ್ಲ. ಇಲ್ಲಿ ಪ್ರೀತಿ ಗೊತ್ತಿರುವುದು ನಕಲಿಗೇ, ಬಾಗಿಲಿಗೆ ಬೀಗ ಜಡಿದು ಹೋಗುವವನು ಅಸಲಿ ಗಂಡ ಅಪ್ಪಣ್ಣ. ಅಮೆರಿಕನ್ ಕತೆಗಾರನಿಗೆ ಮನೆಯೆಂಬುದು ಆಕ್ರಮಣಕ್ಕೆ ಮುಂಚೆ ನೆಮ್ಮದಿಯ ಜಾಗ. ಮನೆಯೇ ಸೆರೆಯಾದವಳಿಗೆ ಹೊರಗಿನಿಂದ ಬಂದವನು ಬಿಡುಗಡೆಯೂ ಆಗಬಹುದು ಎಂಬುದು ಆ ನಾಲ್ಕು ಚಿತ್ರಗಳಲ್ಲಿ ಯಾವುದಕ್ಕೂ ಹೊಳೆಯಲಿಲ್ಲ.

ಹೊಳೆಯದಿದ್ದರೂ ಮೊದಲನೆಯದು ಇವತ್ತಿಗೂ ಹಳಸಿಲ್ಲ. ಮಗನ ದನಿಯಲ್ಲೇ ಮಾತಾಡಿ ದುಡ್ಡು ಕೇಳುವ ಯಂತ್ರಗಳು ಬಂದಿರುವ ಈ ದಿನಗಳಲ್ಲಿ ವಿಲ್ಮಾಳ ದೂರು ಇನ್ನೂ ಹತ್ತಿರದಿಂದ ಕೇಳಿಸುತ್ತದೆ. ಸಿಕ್ಕರೆ ನೋಡಿ, ಎಂಬತ್ತೇ ನಿಮಿಷದ ಚಿತ್ರ. ಆದರೆ ಆಸ್ಪತ್ರೆಯ ಮೊದಲ ದೃಶ್ಯವನ್ನು ದಾಟಿಸಿ ಶುರುಮಾಡಿ, ಹೆದ್ದಾರಿಯಲ್ಲಿ ಮೈಲ್ಸ್ ಕೂಗುತ್ತಿರುವಾಗಲೇ ಆರಿಸಿಬಿಡಿ. ಸೀಗಲ್ ತೆಗೆಯಬೇಕೆಂದಿದ್ದ ಚಿತ್ರ ಅಷ್ಟೇ.